ಬ್ಯಾಟರಿಯ ಮೇಲಿನ ಅಪವಾದ

ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ಜನ ಮೊದಲು ಬೈಯುವುದು ಬ್ಯಾಟರಿಯನ್ನು. ಕೀಲಿ ತಿರುಗಿಸಿದರೆ ಟಕಟಕ ಸದ್ದು, ಎಂಜಿನ್ ಅಲುಗಲಿಲ್ಲ. ಪಕ್ಕದ ಮನೆಯವರು ಕೇಬಲ್ ತಂದು ಜಂಪ್ ಕೊಟ್ಟರು, ಗಾಡಿ ಹೊರಟಿತು. ಅಲ್ಲಿಗೆ ವಿಚಾರಣೆಯೂ ಮುಗಿಯಿತು, ತೀರ್ಪೂ ಬಂತು. ನೇರ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬರುತ್ತಾರೆ. ಕೆಲವು ದಿನ ಕಳೆದ ಮೇಲೆ ನನಗೊಂದು ಫೋನ್ ಬರುತ್ತದೆ: "ಸಾರ್, ಹೊಸ ಬ್ಯಾಟರೀನೂ ಸತ್ತೋಯ್ತು. ಅಂಗಡಿಯವನು ಹಳೇದನ್ನೇ ಕೊಟ್ಟುಬಿಟ್ನಾ ಅಂತ?"

ಅಂಗಡಿಯವನ ತಪ್ಪೂ ಇಲ್ಲ, ಬ್ಯಾಟರಿಯ ತಪ್ಪೂ ಇಲ್ಲ. ಬ್ಯಾಟರಿ ಕಣಜ, ಬೆಳೆ ಬರುವ ಹೊಲ ಆಲ್ಟರ್ನೇಟರ್. ಹೊಲ ಬಂಜರು ಬಿದ್ದಾಗ ಕಣಜ ಬದಲಾಯಿಸಿ ಏನು ಪ್ರಯೋಜನ? ಎಂಜಿನ್ನನ್ನು ಎಬ್ಬಿಸುವ ಎರಡು ಮೂರು ಸೆಕೆಂಡು ಮಾತ್ರ ಬ್ಯಾಟರಿಯ ದುಡಿಮೆ. ಆಮೇಲೆ ದೀಪ, ವೈಪರ್, ಫ್ಯೂಯಲ್ ಪಂಪ್, ಕಂಪ್ಯೂಟರ್, ಹಾಡು ಎಲ್ಲವನ್ನೂ ನಡೆಸಿ, ಬ್ಯಾಟರಿ ಕಳಕೊಂಡದ್ದನ್ನೂ ಮರಳಿ ತುಂಬಿಸುವುದು ಎಂಜಿನ್ನಿನ ಪಕ್ಕದಲ್ಲಿ ಬೆಲ್ಟಿನ ಬಲದಿಂದ ತಿರುಗುತ್ತಿರುವ ಆ ಅಲ್ಯೂಮಿನಿಯಂ ಗುಂಡು.

ನಾವಿರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಹವೆ ಈ ಕಾಯಿಲೆಯನ್ನು ಬಹುಕಾಲ ಬಚ್ಚಿಡುತ್ತದೆ. ಮಿನ್ನೆಸೋಟದಂಥ ನಾಡಿನಲ್ಲಾದರೆ ಮೊದಲ ಹಿಮ ಬಿದ್ದ ಬೆಳಿಗ್ಗೆಯೇ ಗುಟ್ಟು ರಟ್ಟಾದೀತು. ಇಲ್ಲಿ ಬೇಸಿಗೆಯುದ್ದಕ್ಕೂ ಮಳೆಯಿಲ್ಲ, ರಾತ್ರಿ ಎಂಟರವರೆಗೆ ಬೆಳಕು, ಸಮುದ್ರದ ಗಾಳಿ ಇರುವುದರಿಂದ ಎಸಿಯೂ ಅಷ್ಟಾಗಿ ಬೇಡ. ಅರ್ಧ ಕೆಟ್ಟ ಆಲ್ಟರ್ನೇಟರ್ ಕೂಡ ಹೇಗೋ ಸಂಸಾರ ತೂಗಿಸುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ ನೋಡಿ, ಮರುದಿನದಿಂದ ಆಫೀಸು ಬಿಡುವ ಹೊತ್ತಿಗೇ ಕತ್ತಲು. ಅದರ ಹಿಂದೆಯೇ ಮಳೆ. ವೈಪರ್ ಸತತ ಓಡುತ್ತಿದ್ದರೆ ಹೆಡ್‌ಲೈಟ್ ಹಾಕಿರಲೇಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೂ ಇದೆ. ಜೊತೆಗೆ ಹಿಂದಿನ ಗಾಜಿನ ಮಂಜು ಕರಗಿಸುವ ತಂತಿ, ಬ್ಲೋಅರ್, ಚಾರ್ಜಿಗಿಟ್ಟ ಫೋನು. ಹೀಗೆ ಎಲ್ಲ ಬೇಡಿಕೆಯೂ ಒಟ್ಟಿಗೆ ಬಂದ ಸಂಜೆ, 880 ಹೆದ್ದಾರಿಯ ಮೇಲೆ ಮಿಲ್ಪಿಟಸ್ ದಾಟಿ ಫ್ರೀಮಾಂಟ್ ಕಡೆ ತೆವಳುತ್ತಿರುವಾಗ, ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತುತ್ತದೆ. ಆ ದೀಪದ ಮೇಲಿರುವುದೂ ಬ್ಯಾಟರಿಯ ಚಿತ್ರವೇ! ಅಪವಾದಕ್ಕೆ ಅರ್ಧ ಕಾರಣ ಅದೇ ಇರಬೇಕು. ಅದು ಸಾರುವುದು ಇಷ್ಟೇ: ಚಾರ್ಜಿಂಗ್ ನಿಂತಿದೆ, ಇನ್ನು ಓಡುವುದು ಕೂಡಿಟ್ಟದ್ದರ ಮೇಲೆ.

ಆಗ ಮಾಡಬೇಕಾದದ್ದು ಎಂಜಿನ್ ಆರಿಸದಿರುವುದು. ಬ್ಲೋಅರ್, ಎಸಿ, ಹಾಡು, ಚಾರ್ಜರ್ ಎಲ್ಲ ಬಂದ್ ಮಾಡಿ ಹತ್ತಿರದ ಎಕ್ಸಿಟ್ ಹಿಡಿಯಬೇಕು. ಅಷ್ಟರೊಳಗೆ ನಿಂತೇಹೋದರೆ ಗಾಬರಿ ಬೇಡ. ಇಲ್ಲಿ ಫ್ರೀವೇ ಸರ್ವಿಸ್ ಪಟ್ರೋಲ್ ಎಂಬುದೊಂದಿದೆ. 1992ರಿಂದ, ಜನ ಆಫೀಸಿಗೆ ಹೋಗಿಬರುವ ಹೊತ್ತಿನಲ್ಲಿ ಅದರ ಟೋ ಟ್ರಕ್ಕುಗಳು ಇಲ್ಲಿಯ ಹೆದ್ದಾರಿಗಳಲ್ಲಿ ಗಸ್ತು ತಿರುಗುತ್ತಿವೆ. ಜಂಪ್ ಕೊಡುತ್ತಾರೆ, ಟೈರ್ ಹೋಗಿದ್ದರೆ ಬದಲಾಯಿಸುತ್ತಾರೆ, ಗಾಡಿ ಏಳದಿದ್ದರೆ ಎಳೆದುಕೊಂಡು ಹೋಗಿ ಹೆದ್ದಾರಿಯಾಚೆ ಸುರಕ್ಷಿತ ಜಾಗದಲ್ಲಿ ಬಿಡುತ್ತಾರೆ. ಒಂದು ಡಾಲರೂ ಕೇಳುವುದಿಲ್ಲ. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಹಳದಿ ದೀಪದ ಟ್ರಕ್ಕು ಹಿಂದೆ ಬಂದು ನಿಂತರೆ ಎಷ್ಟು ಬಿಲ್ ಮಾಡುತ್ತಾನೋ ಎಂದು ಹೆದರುತ್ತಾರೆ.

ಈ ಸಲ ಫೋನ್ ಮಾಡಿದವರು ಕನ್ನಡ ಕೂಟದ ಗೆಳೆಯರೊಬ್ಬರು. ಅವರದು 2003ರ ಕೊರೊಲ್ಲಾ. ಬಾನೆಟ್ ಎತ್ತುವ ಮೊದಲು ಗಾಜಿನ ಕೆಳಗಿರುವ ಚಾಸಿ ನಂಬರ್ ನೋಡಿದೆ. 1ಎನ್ಎಕ್ಸ್ ಎಂದು ಶುರುವಾಗಿತ್ತು. "ನಿಮ್ಮ ಗಾಡಿ ಜಪಾನಿನದಲ್ಲ ರೀ, ಇಲ್ಲೇ ಫ್ರೀಮಾಂಟಿನಲ್ಲಿ ಹುಟ್ಟಿದ್ದು" ಎಂದರೆ ಅವರು ನಂಬಲಿಲ್ಲ. 880ರ ಪಕ್ಕದ ಆ ವಿಶಾಲ ಬಿಳಿ ಕಾರ್ಖಾನೆಯಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಕೂಡಿ 1984ರಿಂದ 2010ರವರೆಗೆ ನಮ್ಮಿ ಎಂಬ ಹೆಸರಿನಲ್ಲಿ ಕಾರು ಮಾಡಿದರು. ಸಾಲಿನಲ್ಲಿ ನಿಂತ ಕೆಲಸಗಾರನೇ ದೋಷ ಕಂಡರೆ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದಾದ ಜಪಾನೀ ಪದ್ಧತಿಯನ್ನು ಅಮೆರಿಕದ ಕೆಲಸಗಾರರು ಕಲಿತದ್ದು ಅಲ್ಲಿ. ಅದೇ ಕಟ್ಟಡದಲ್ಲಿ ಈಗ ಟೆಸ್ಲಾ. ಅಲ್ಲಿಂದ ಹೊರಬರುವ ಕಾರುಗಳಲ್ಲಿ ಆಲ್ಟರ್ನೇಟರೇ ಇಲ್ಲ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ದೀಪ-ಬೀಗಗಳಿಗೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಆ ಕೆಲಸ ಮಾಡುತ್ತದೆ. ಇನ್ನೊಂದು ತಲೆಮಾರಿಗೆ ಬೆಲ್ಟಿನ ಕಿರುಚಾಟ ಕೇಳಿ ಕಾಯಿಲೆ ಹೇಳುವ ವಿದ್ಯೆಯೇ ಯಾರಿಗೂ ಬೇಡವಾಗಬಹುದು. ನನಗೆ ಅದರ ಬಗ್ಗೆ ಬೇಸರವಿದೆ. ಆ ವಿದ್ಯೆ ಇರುವಾಗಲೇ ಒಂದಷ್ಟು ಜನಕ್ಕೆ ದಾಟಿಸಬೇಕೆನ್ನುವ ಆತುರವೂ ಇದೆ.

ಆಲ್ಟರ್ನೇಟರ್ ಎಂಬ ಈ ಗುಂಡಿನೊಳಗಿರುವುದು ಪುಟ್ಟ ವಿದ್ಯುತ್ ಕೇಂದ್ರ. ನಡುವೆ ತಿರುಗುವ ರೋಟರ್. ಎರಡು ಇಂಗಾಲದ ಬ್ರಷ್‌ಗಳು ಅದಕ್ಕೆ ಸ್ವಲ್ಪ ಕರೆಂಟು ಕೊಟ್ಟು ಅಯಸ್ಕಾಂತವಾಗಿಸುತ್ತವೆ. ಸುತ್ತಲೂ ಅಲುಗದೆ ಕೂತ ತಾಮ್ರದ ಸುರುಳಿಗಳಲ್ಲಿ ಮೂರು ಫೇಸ್ ಎಸಿ ಕರೆಂಟು ಹುಟ್ಟುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ತಿರುಗಿಸಿದ ಯಂತ್ರಗಳ ತತ್ವವೂ ಇದೇ. ಅಲ್ಲಿಂದ ಹೊರಟ ಕರೆಂಟು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿ ಮುಟ್ಟಿತು. ಅದಕ್ಕೆ ಒಂದೇ ವರ್ಷ ಮೊದಲು, 1901ರಲ್ಲಿ, ಇಲ್ಲಿ ಸಿಯೆರಾ ತಪ್ಪಲಿನ ಕೋಲ್‌ಗೇಟ್ ಕೇಂದ್ರದಿಂದ 142 ಮೈಲಿ ದೂರದ ಓಕ್‌ಲ್ಯಾಂಡಿಗೆ ತಂತಿ ಎಳೆದಿದ್ದರು; ಕಾರ್ಕೀನೆಜ್ ಜಲಸಂಧಿಯ ಮೇಲೆ ಒಂದೇ ನೆಗೆತದಲ್ಲಿ. ನಾನು ಹುಟ್ಟಿದ ನಾಡೂ ಬಂದು ನೆಲೆಸಿದ ನಾಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದೂರದ ನೀರಿನ ಬಲವನ್ನು ತಂತಿಯಲ್ಲಿ ತರಿಸಿಕೊಂಡವು ಎಂದು ತಿಳಿದ ದಿನದಿಂದ ಆಲ್ಟರ್ನೇಟರ್ ಬಿಚ್ಚುವಾಗ ನನಗೆ ಬೇರೆಯೇ ಗೌರವ.

ಆದರೆ ಬ್ಯಾಟರಿಗೆ ಬೇಕಾದದ್ದು ಡಿಸಿ. ಹಿಂದಿನ ಕಾರುಗಳಲ್ಲಿದ್ದ ಡೈನಮೋ ಡಿಸಿಯನ್ನೇ ಕೊಡುತ್ತಿತ್ತು. ನಿಧಾನಕ್ಕೆ ತಿರುಗಿದಾಗ ಮಾತ್ರ ಅದರ ಕೈ ಖಾಲಿ. ಹಳೆಯ ಅಂಬಾಸಿಡರಿನಲ್ಲಿ ರಾತ್ರಿ ಹೊತ್ತು ಶಿರಾಡಿ ಘಾಟಿ ಹತ್ತಿದವರಿಗೆ ನೆನಪಿರಬಹುದು: ಲಾರಿಯ ಹಿಂದೆ ಸಿಕ್ಕಿ ನಿಂತಾಗ ಹೆಡ್‌ಲೈಟ್ ಕೆಂಪಗೆ ಮಂಕಾಗುವುದು, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಬೆಳಗುವುದು. ಎಸಿ ಹುಟ್ಟಿಸಿ ಅದನ್ನು ಡಿಸಿ ಮಾಡಿಕೊಂಡರೆ ಈ ಕಷ್ಟವಿಲ್ಲವೆಂದು ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. ಬಾನೆಟ್ಟಿನ ಬಿಸಿಯಲ್ಲಿ ಬಾಳುವ, ಬೆರಳ ತುದಿಯಷ್ಟು ಚಿಕ್ಕ ಡಯೋಡ್ ಮಾತ್ರ ಇರಲಿಲ್ಲ. ಅದನ್ನು ಕೊಟ್ಟದ್ದು ಸಿಲಿಕಾನ್. 1960ರ ವೇಲಿಯಂಟ್‌ನಲ್ಲಿ ಕ್ರೈಸ್ಲರ್ ಕಂಪನಿ ಆಲ್ಟರ್ನೇಟರನ್ನು ಸಾಮಾನ್ಯರ ಕಾರಿಗೆ ತಂದಿತು. ಅದೇ ಸಿಲಿಕಾನನ್ನು ಹಿಡಿದು 1956ರಲ್ಲಿ ವಿಲಿಯಂ ಶಾಕ್ಲಿ ಮೌಂಟನ್ ವ್ಯೂನ 391 ಸ್ಯಾನ್ ಆಂಟೋನಿಯೋ ರೋಡಿನಲ್ಲಿ ಪ್ರಯೋಗಾಲಯ ತೆರೆದದ್ದು, ಮರುವರ್ಷ ಅಲ್ಲಿಂದ ಹೊರನಡೆದ ಎಂಟು ಮಂದಿ ಫೇರ್‌ಚೈಲ್ಡ್ ಕಟ್ಟಿದ್ದು. ಈ ಕಣಿವೆಗೆ ಹೆಸರು ಬಂದದ್ದೂ, ಸಾವಿರಾರು ಕನ್ನಡ ಕುಟುಂಬಗಳು ಇಲ್ಲಿಗೆ ಬಂದದ್ದೂ ಆ ದಾರಿಯಲ್ಲೇ. ಚಿಪ್ ವಿನ್ಯಾಸದಲ್ಲಿ ಪಳಗಿದ ನನ್ನ ಗೆಳೆಯರಿಗೆ ತಮ್ಮ ಕಾರಿನೊಳಗೇ ಆರು ಸಿಲಿಕಾನ್ ಡಯೋಡುಗಳು ಕೂತು ಎಸಿಯನ್ನು ಡಿಸಿ ಮಾಡುತ್ತಿರುವುದನ್ನು ಹೇಳಿದಾಗ ಅವರ ಮುಖ ಅರಳಿತು.

ಸರಿ, ರೋಗ ಹಿಡಿಯುವ ಮಾತಿಗೆ ಬರೋಣ. ಇದಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್, ಸ್ವಲ್ಪ ತಾಳ್ಮೆ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಅದು 13.8ರಿಂದ 14.5ರೊಳಗೆ ಏರಬೇಕು. ಹೆಡ್‌ಲೈಟ್, ಬ್ಲೋಅರ್, ಗಾಜಿನ ತಂತಿ ಎಲ್ಲ ಹಾಕಿ ಎಂಜಿನ್ನನ್ನು ಸ್ವಲ್ಪ ಏರಿಸಿ ಹಿಡಿದರೂ 13ರ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಗೆಳೆಯರ ಕಾರಿನಲ್ಲಿ ಓಡುವ ಎಂಜಿನ್ನಿಗೇ 12.3 ತೋರಿಸುತ್ತಿತ್ತು, ನೋಡನೋಡುತ್ತ ಇಳಿಯುತ್ತಿತ್ತು.

ಅಷ್ಟಕ್ಕೇ ಆಲ್ಟರ್ನೇಟರ್ ಸತ್ತಿತೆಂದರೆ ಅದೂ ಇನ್ನೊಂದು ಅಪವಾದವಾದೀತು. ಮೊದಲು ಬೆಲ್ಟ್ ನೋಡಬೇಕು: ಸಡಿಲವೇ, ಹೊಳಪು ಬಂದು ಜಾರುತ್ತಿದೆಯೇ. ಆಮೇಲೆ ತಂತಿಗಳು. ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರಿನ ಹಿಂದಿರುವ ದಪ್ಪ ತಂತಿಯ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೂ ಇಟ್ಟು, ಎಂಜಿನ್ ಓಡುವಾಗ ಎಲ್ಲ ದೀಪ ಹಾಕಿ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದಾರಿಯಲ್ಲೇ ಸೋರಿಕೆ: ತುಕ್ಕು ಹಿಡಿದ ತುದಿಯೋ, ಅರ್ಧ ಸುಟ್ಟ ಫ್ಯೂಸೋ. ಮೈನಸ್ ಕಡೆಗೂ ಹೀಗೇ, ಆಲ್ಟರ್ನೇಟರಿನ ಮೈಗೂ ಬ್ಯಾಟರಿಗೂ ನಡುವೆ. ಹಸಿರು ಪಾಚಿಯಂತಹ ತುಕ್ಕನ್ನು ಉಜ್ಜಿ ತೆಗೆದ ಮಾತ್ರಕ್ಕೆ ಸರಿಹೋದ ಕಾರುಗಳಿವೆ. ಕೊನೆಗೆ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿಯಿರಿ. ಅರ್ಧ ವೋಲ್ಟಿನಷ್ಟು ಎಸಿ ಕಂಡರೆ ಡಯೋಡ್ ಒಂದು ಹೋಗಿದೆ ಎಂದೇ ಲೆಕ್ಕ. ರೇಡಿಯೋದಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕೊರಗು ಕೇಳಿಸುವುದೂ, ನಿಂತ ಗಾಡಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಬಸಿದುಹೋಗುವುದೂ ಇದರಿಂದಲೇ.

ಒಂದು ಕೆಲಸ ಮಾತ್ರ ಯಾರೂ ಮಾಡಬಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು, ಗಾಡಿ ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ ಎಂದು ಹೇಳುವ ಪರೀಕ್ಷೆ. ಊರಿನ ಹಿರಿಯ ಮೆಕ್ಯಾನಿಕ್ಕುಗಳು ಡೈನಮೋ ಕಾಲದಲ್ಲಿ ಇದನ್ನು ಧಾರಾಳವಾಗಿ ಮಾಡುತ್ತಿದ್ದರು, ಆಗ ನಡೆಯುತ್ತಿತ್ತು. ಈಗ ಆ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಕಾರಿನ ಕಂಪ್ಯೂಟರನ್ನೇ ಸುಡಬಹುದು.

ಗೆಳೆಯರ ಕಾರಿನಲ್ಲಿ ಬೆಲ್ಟೂ ತಂತಿಗಳೂ ಸರಿಯಿದ್ದವು, ತಪ್ಪು ಆಲ್ಟರ್ನೇಟರಿನದೇ. ಅದನ್ನು ಬದಲಾಯಿಸಲು ಜಾಗ ಹುಡುಕುವುದೇ ಇಲ್ಲಿ ಮೊದಲ ಕೆಲಸ. ಎಷ್ಟೋ ಅಪಾರ್ಟ್‌ಮೆಂಟುಗಳ ಕರಾರಿನಲ್ಲಿ ಪಾರ್ಕಿಂಗಿನಲ್ಲಿ ರಿಪೇರಿ ಕೂಡದೆಂದೇ ಬರೆದಿರುತ್ತದೆ. ನಮ್ಮ ಮನೆಯ ಮುಂದೆ ಡ್ರೈವ್‌ವೇ ಇದೆ, ಬನ್ನಿ ಎಂದೆ. ಗೆಳೆಯರ ಮಗಳು ಹೈಸ್ಕೂಲಿನವಳು, ಟಾರ್ಚ್ ಹಿಡಿಯಲು ತಾನೇ ಮುಂದೆ ಬಂದಳು. ಬ್ಯಾಟರಿಯ ಮೈನಸ್ ಮೊದಲು ಕಳಚಬೇಕು; ಏಕೆಂದರೆ ಆಲ್ಟರ್ನೇಟರಿನ ದಪ್ಪ ತಂತಿ ನೇರ ಬ್ಯಾಟರಿಯಿಂದ ಬರುತ್ತದೆ, ಸ್ಪ್ಯಾನರ್ ತಗುಲಿದರೆ ಕಿಡಿಯ ಮಳೆ. ಬೆಲ್ಟ್ ಹೋಗುವ ದಾರಿಯ ಫೋಟೋ ಅವಳೇ ತೆಗೆದಿಟ್ಟಳು. ಟೆನ್ಷನರನ್ನು 19ರ ಸಾಕೆಟ್ಟಿನಿಂದ ಮಣಿಸಿ ಬೆಲ್ಟ್ ಜಾರಿಸಿ, ಪ್ಲಗ್ ಕಳಚಿ, ಎರಡು ಬೋಲ್ಟ್ ಬಿಚ್ಚಿದರೆ ಆಯಿತು. ಈ ಮಾಡೆಲಿನಲ್ಲಿ ಅದು ರೇಡಿಯೇಟರ್ ಕಡೆಗೇ ಮುಖ ಮಾಡಿ ಕೂತಿರುವುದು ಪುಣ್ಯ. ಹಳೆಯದನ್ನು ಕೈಯಲ್ಲಿ ತಿರುಗಿಸಿದಳು, ಬೇರಿಂಗ್ ಗೊರಗೊರ ಎಂದಿತು. ಬ್ರಷ್ ನೋಡಿದರೆ ಇಂಗಾಲ ಬುಡದವರೆಗೆ ಸವೆದಿತ್ತು. ಎರಡು ದಶಕ ತಿರುಗಿದ ಮೇಲೆ ಇನ್ನೇನು ಉಳಿದೀತು! ಅದು ಸಲ್ಲಿಸಿದ ಸೇವೆ ದೊಡ್ಡದು.

ಬದಲಿಗೆ ಏನು ಹಾಕಬೇಕೆಂಬುದರಲ್ಲಿ ನನ್ನದು ಖಚಿತ ಅಭಿಪ್ರಾಯ. ನ್ಯೂವಾರ್ಕಿನ ಪಿಕ್-ಎನ್-ಪುಲ್ ಗುಜರಿಗೆ ಸ್ವಂತ ಸ್ಪ್ಯಾನರ್ ಒಯ್ದು ಬಿಚ್ಚಿ ತರಬಹುದು. ಶಿವಾಜಿನಗರದ ಗುಜರಿ ಸುತ್ತಿದವರಿಗೆ ಅಲ್ಲಿ ಮನೆಯಂಗಳದಲ್ಲಿ ನಿಂತಷ್ಟೇ ಖುಷಿ. ಬಾಗಿಲು, ಕನ್ನಡಿ, ಸೀಟಿಗೆ ಅದು ಸರಿ. ಆಲ್ಟರ್ನೇಟರಿಗೆ ಸರಿಯಲ್ಲ, ಅಲ್ಲಿಯದರ ಬ್ರಷ್ಷೂ ಅಷ್ಟೇ ಸವೆದಿರುತ್ತದೆ. ಅಗ್ಗದ ಹೊಚ್ಚ ಹೊಸದಕ್ಕಿಂತಲೂ ಮೂಲ ತಯಾರಿಕೆಯದನ್ನೇ ಬಿಚ್ಚಿ ಬೇರಿಂಗ್, ಬ್ರಷ್, ರೆಗ್ಯುಲೇಟರ್ ಬದಲಾಯಿಸಿ ಕಟ್ಟಿದ್ದು ಮೇಲು. ಹಳೆಯದನ್ನು ವಾಪಸು ಕೊಟ್ಟರೆ ಕೊಳ್ಳುವಾಗ ಕಟ್ಟಿದ ಠೇವಣಿಯ ಹಣ ಮರಳುತ್ತದೆ, ಅದೂ ಇನ್ನೊಂದು ಕಾರಿಗಾಗಿ ಮರುಹುಟ್ಟು ಪಡೆಯುತ್ತದೆ. ಕೂರಿಸುವ ಮುನ್ನ ಎರಡನ್ನೂ ಪಕ್ಕಪಕ್ಕ ಇಟ್ಟು ಪುಲ್ಲಿಯ ಗೆರೆಗಳನ್ನೂ ಪ್ಲಗ್ಗಿನ ಆಕಾರವನ್ನೂ ಹೋಲಿಸಿ ನೋಡಬೇಕು. ಬತ್ತಿದ ಬ್ಯಾಟರಿಯನ್ನು ಗೋಡೆಯ ಚಾರ್ಜರಿನಲ್ಲಿ ತುಂಬಿಸಿಯೇ ಜೋಡಿಸಬೇಕು, ಇಲ್ಲದಿದ್ದರೆ ಮೊದಲ ದಿನವೇ ಹೊಸ ಆಲ್ಟರ್ನೇಟರ್ ಕಾದು ಸೊರಗುತ್ತದೆ.

ಕೈಯಾರೆ ಮಾಡಲಾಗದವರು ಗ್ಯಾರೇಜಿಗೆ ಹೋಗಲಿ, ತಪ್ಪಿಲ್ಲ. ಕೆಲಸಕ್ಕೆ ಮೊದಲು ಲಿಖಿತ ಅಂದಾಜು ಕೇಳುವುದು ಕ್ಯಾಲಿಫೋರ್ನಿಯಾದಲ್ಲಿ ಗಿರಾಕಿಯ ಹಕ್ಕು. ತೆಗೆದ ಹಳೆಯ ಭಾಗ ತನಗೆ ಬೇಕೆಂದು ಮೊದಲೇ ಹೇಳುವುದೂ ಹಕ್ಕೇ. ಠೇವಣಿಗೆ ಮರಳಬೇಕಾದ ಭಾಗವಾದರೆ ಕಣ್ಣಾರೆ ನೋಡಲಾದರೂ ಕೇಳಬಹುದು. ಸಂಕೋಚ ಬೇಡ.

ಜೋಡಿಸಿ ಸ್ಟಾರ್ಟ್ ಮಾಡಿದಾಗ ಮೀಟರ್ 14.2 ತೋರಿಸಿತು. ಮಗಳು ಒಂದೊಂದೇ ದೀಪ ಹಾಕುತ್ತ ಹೋದಳು, ಅಂಕಿ ಜಗ್ಗಲಿಲ್ಲ. ಗೆಳೆಯರು, "ನಾಳೇನೇ ಸ್ಮಾಗ್ ಚೆಕ್ ಮಾಡಿಸ್ಬಿಡ್ತೀನಿ ಸಾರ್, ರಿಜಿಸ್ಟ್ರೇಷನ್ ಕೊನೇ ದಿನ ಹತ್ರ ಬಂತು" ಎಂದರು. ಬೇಡವೆಂದೆ. ಬ್ಯಾಟರಿ ಕಳಚಿದಾಗ ಕಾರಿನ ಕಂಪ್ಯೂಟರ್ ತನ್ನ ಹೊಗೆಯ ತಪಾಸಣೆಯ ದಾಖಲೆಯನ್ನೆಲ್ಲ ಮರೆತಿರುತ್ತದೆ; ಮತ್ತೆ ಓಡಿಸಿ ಅದು ತುಂಬಿಕೊಳ್ಳುವವರೆಗೆ, ಗಾಡಿ ಎಷ್ಟೇ ಶುದ್ಧವಿದ್ದರೂ, ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಊರೊಳಗೆ ಸ್ವಲ್ಪ, ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಸ್ವಲ್ಪ, ಹೀಗೆ ಕೆಲವು ದಿನ ಓಡಿಸಬೇಕು. "ಶನಿವಾರ ಎಲ್ಲರೂ ಹಾಫ್ ಮೂನ್ ಬೇಗೆ ಹೋಗಿ, ಅಲ್ಲಿಂದ ಒಂದನೇ ಹೆದ್ದಾರೀಲಿ ಪೆಸ್ಕಡೇರೋವರೆಗೆ ಓಡಿಸಿ. ಸ್ಮಾಗ್ ಚೆಕ್ ಆಮೇಲೆ ಮಾಡಿಸೋಣ" ಎಂದೆ. ಮಗಳು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ಹೋಗುವಾಗ ಮೀಟರ್ ನನಗೆ ಕೊಡಿ, ಅಮ್ಮನ ಕಾರನ್ನೂ ಅಳೆದು ನೋಡುತ್ತೇನೆ ಎಂದು ಕೇಳಿ ತೆಗೆದುಕೊಂಡು ಹೋದಳು.