ಅಕ್ಕನ ಸರ್ಪಸುತ್ತು

ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಬೆಳೆದು ನಾಲ್ಕಕ್ಷರ ಕಲಿತವನೆಂಬ ಕಾರಣಕ್ಕೆ, ನಮ್ಮ ಊರಿನವರು ಏನೇ ಸಂದೇಹ ಬಂದರೂ ನನ್ನನ್ನು ಕೇಳುವುದು ರೂಢಿ. ಪಾಠದಿಂದ ಹಿಡಿದು ಪಥ್ಯದವರೆಗೆ ನನ್ನ ಮಾತಿಗೆ ಬೆಲೆಯುಂಟು. ಒಮ್ಮೆ ಮಾತ್ರ ಆ ಬೆಲೆಯನ್ನು ನನ್ನ ಹಿರಿಯಕ್ಕ ತೆರಬೇಕಾಯಿತು. ಈ ಸಂಗತಿಯನ್ನು ಇಷ್ಟು ವರ್ಷ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದೆ. ಓದುಗ ಬಂಧುಗಳ ಮನೆಗಳಲ್ಲಿಯೂ ವೃದ್ಧ ತಂದೆತಾಯಿಗಳಿರುವುದರಿಂದ ಹೇಳಿಬಿಡುವುದೇ ಲೇಸೆಂದು ತೋರಿತು.

2012ರ ಬೇಸಿಗೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ ಆಗ ಎಪ್ಪತ್ತು ಸಮೀಪಿಸಿತ್ತು. ಬಲಪಕ್ಕೆಯಲ್ಲಿ ಬೆಂಕಿ ಇಟ್ಟಂತೆ ಉರಿ ಎಂದಳು. ಉಳುಕಿರಬಹುದೆಂದು ಎರಡು ದಿನ ಎಣ್ಣೆ ತಿಕ್ಕಿದರು. ಮೂರನೆಯ ದಿನ ಬೆನ್ನಿನಿಂದ ಎದೆಯ ಕಡೆಗೆ ಪಟ್ಟಿ ಎಳೆದಂತೆ ನೀರುಗುಳ್ಳೆಗಳೆದ್ದವು. ಸರ್ಪಸುತ್ತು ಎಂದು ನೆರೆಹೊರೆಯವರು ಗುರುತಿಸಿದರು. ಮನೆಯಲ್ಲಿ ಯಾರು ಹಾವು ಕೊಂದಿರಿ ಎಂಬ ವಿಚಾರಣೆ ನಡೆಯಿತು. ತಲೆ ಬಾಲ ಕೂಡಿದರೆ ಜೀವ ಉಳಿಯದೆಂಬ ಭಯ ಬೇರೆ. ಸೋದರಳಿಯ ಬಂದು, “ಮಾವಾ, ಅವ್ವನ್ನ ದವಾಖಾನಿಗೆ ಕರಕೊಂಡು ಹೋಗ್ಲೇನು?” ಎಂದು ಕೇಳಿದ. “ಅವಸರ ಬ್ಯಾಡ, ಮೊದಲು ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸ್ರಿ” ಎಂದವನು ನಾನೇ.

ಗುಳ್ಳೆ ಎದ್ದ ಎಂಟನೆಯ ದಿನ, ನೋವು ತಡೆಯಲಾರದೆ ಅಕ್ಕ ಅತ್ತಾಗ, ವೈದ್ಯರಲ್ಲಿಗೆ ಒಯ್ದೆವು. ಅವರು ನೋಡಿ, “ಮೂರು ದಿನದೊಳಗೆ ಬರಬೇಕಿತ್ತು” ಎಂದಷ್ಟೇ ಹೇಳಿದರು. ಗುಳ್ಳೆಗಳು ತಿಂಗಳೊಳಗೆ ಒಣಗಿದವು. ನೋವು ಎರಡು ವರ್ಷ ಹೋಗಲಿಲ್ಲ. ಸೀರೆಯ ಸೆರಗು ತಾಗಿದರೂ ಬೆಚ್ಚಿಬೀಳುತ್ತಿದ್ದಳು. “ಹಾವು ಹೋತಪಾ ತಮ್ಮಾ, ವಿಷ ಹೋಗಲಿಲ್ಲ” ಎನ್ನುತ್ತಿದ್ದಳು. ಒಮ್ಮೆಯೂ ನನ್ನನ್ನು ದೂರಲಿಲ್ಲ. 2019ರಲ್ಲಿ ಆಕೆ ಲಿಂಗೈಕ್ಯಳಾದಳು.

ಆ ವೈದ್ಯರಿಂದಲೇ ನಾನು ಈ ರೋಗದ ನಿಜಸ್ವರೂಪವನ್ನು ಕೇಳಿ ತಿಳಿದೆ. ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬು ಮಾಯ್ದ ಮೇಲೂ ಅದರ ವೈರಾಣು ದೇಹವನ್ನು ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಸುಪ್ತವಾಗಿರುತ್ತದೆ. ವಯಸ್ಸಿನಿಂದಲೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ದೇಹದ ಒಂದು ಪಾರ್ಶ್ವಕ್ಕೆ ಮಾತ್ರ ಸೇರಿದ್ದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ತಲೆ ಬಾಲ ಕೂಡುವ ಮಾತಿಗೆ ಆಧಾರವಿಲ್ಲ. ಗುಳ್ಳೆಗಳು ಮೈತುಂಬ ಹರಡಿದರೆ ಮಾತ್ರ ಅದು ನಿರೋಧಕ ಶಕ್ತಿ ತೀರ ಕುಗ್ಗಿದ್ದರ ಸೂಚನೆಯಾಗಿರಬಹುದು, ತಡಮಾಡಬಾರದು. ಗ್ರೀಕರು ಈ ರೋಗಕ್ಕಿಟ್ಟ ‘ಜೋಸ್ಟರ್’ ಎಂಬ ಹೆಸರಿಗೆ ನಡುಪಟ್ಟಿ ಎಂದರ್ಥ. ನಮ್ಮ ಹಿರಿಯರು ಅದೇ ಪಟ್ಟಿಯಲ್ಲಿ ಹಾವನ್ನು ಕಂಡರು. ಸುಪ್ತ ವೈರಾಣುವೇ ಮರಳಿ ಏಳುತ್ತದೆಂಬ ವಿಚಾರವನ್ನು 1965ರಲ್ಲಿ ವಿವರವಾಗಿ ಮಂಡಿಸಿದವರು ಎಡ್ಗರ್ ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ಸಾಮಾನ್ಯ ವೈದ್ಯರು.

2024ರ ಚಳಿಗಾಲದಲ್ಲಿ ಆ ಉರಿ ನನ್ನ ಎಡಪಕ್ಕೆಗೇ ಬಂದಿತು. ಮರುದಿನ ಗುಳ್ಳೆ ಕಂಡೊಡನೆ ವೈದ್ಯರಲ್ಲಿಗೆ ಹೋದೆ. ಅಸೈಕ್ಲೋವಿರ್ ಗುಳಿಗೆ, ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಬದಲಾಗುವುದರಿಂದ ತಾವೇ ಅಂಗಡಿಯಲ್ಲಿ ಕೊಂಡು ನುಂಗಬಾರದೆಂದರು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಆರಂಭವಾದರೆ ರೋಗದ ತೀವ್ರತೆ ತಗ್ಗುತ್ತದೆ. ನಾನು ಮೂರು ವಾರಗಳಲ್ಲಿ ಚೇತರಿಸಿಕೊಂಡೆ. ನನ್ನ ಪಕ್ಕೆ ತಣ್ಣಗಾದ ದಿನವೇ ಅಕ್ಕನ ನೆನಪು ಹೆಚ್ಚು ಸುಟ್ಟಿತು.

ಮನೆಯವರು ಗಮನಿಸಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು, ದೃಷ್ಟಿಗೇ ಅಪಾಯವುಂಟು. ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಬಾರದಿದ್ದವರಿಗೆ ಆ ಸಿಡುಬು ಬರಬಹುದು. ಆದ್ದರಿಂದ ಗುಳ್ಳೆ ಒಣಗುವವರೆಗೆ ಅವನ್ನು ಮುಚ್ಚಿಡಬೇಕು. ಬಸುರಿಯರನ್ನೂ ಹಸುಗೂಸುಗಳನ್ನೂ ದೂರವಿಡಬೇಕು. ಗುಳ್ಳೆ ಮಾಯ್ದ ಮೇಲೆ ನೋವು ಉಳಿದರೆ ಅದನ್ನು ಹಣೆಬರಹವೆಂದು ಸಹಿಸಬೇಕಾಗಿಲ್ಲ. ನರದ ನೋವಿಗೆಂದೇ ಬೇರೆ ಔಷಧಗಳಿವೆ.

ಅಕ್ಕನ ಕಾಲಕ್ಕೆ ಒದಗದ ಇನ್ನೊಂದು ರಕ್ಷೆ ಈಗ ಉಂಟು. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿದೆ. 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಅದರಲ್ಲಿ ಜೀವಂತ ವೈರಾಣು ಇರುವುದಿಲ್ಲ. ಪರೀಕ್ಷೆಗಳಲ್ಲಿ ಅದು ನೂರಕ್ಕೆ ಸುಮಾರು 90ರಷ್ಟು ರಕ್ಷಣೆ ನೀಡಿದೆ. ತೋಳುನೋವು, ಒಂದೆರಡು ದಿನದ ಮೈಕೈನೋವು ಬರುವುದುಂಟು. ಸರ್ಪಸುತ್ತು ಒಮ್ಮೆ ಬಂದವರಿಗೆ ಮತ್ತೆ ಬರಬಹುದಾದ್ದರಿಂದ, ಪೂರ್ಣ ಗುಣವಾದ ಮೇಲೆ ವೈದ್ಯರ ಸಲಹೆಯಂತೆ ನಾನೂ ಹಾಕಿಸಿಕೊಂಡೆ. ಬೆಲೆ ಸಾಮಾನ್ಯ ಕುಟುಂಬಕ್ಕೆ ಹಗುರವಲ್ಲ. ಆದರೂ ಹಿರಿಯರಿಗೆ ಹಬ್ಬಕ್ಕೆ ಉಡುಗೊರೆ ತರುವ ಮಕ್ಕಳು ಈ ವಿಷಯವನ್ನೂ ಒಮ್ಮೆ ವೈದ್ಯರಲ್ಲಿ ವಿಚಾರಿಸಲಿ.

ಈಗಲೂ ಊರಿನವರು ನನ್ನ ಬಳಿ ಬಂದು ಮೈಯ ನೋವು ಹೇಳಿಕೊಳ್ಳುತ್ತಾರೆ. ಪ್ರಾರ್ಥನೆ ಮಾಡಬೇಡಿರೆಂದು ನಾನು ಯಾರಿಗೂ ಹೇಳುವವನಲ್ಲ. ಆಸ್ಪತ್ರೆಯ ದಾರಿಯಲ್ಲಿಯೂ ಮಾಡಬಹುದು. ಇಂದು ಯಾವ ಅಳಿಯನಾದರೂ ಬಂದು ಕೇಳಿದರೆ ನನ್ನ ಉತ್ತರ ಒಂದೇ: “ಈಗಲೇ ಹೊರಡು.”