ಪಾತ್ರೆ ತಿಕ್ಕುವ ಪಾಳಿ

ಮದುವೆ ಮನೆಯಲ್ಲಿ ಪಂಕ್ತಿ ಕೂತಾಗ ಪಾಯಸದ ಬಕೆಟ್ಟು ಹಿಡಿಯಲು ನಾ ಮುಂದು ತಾ ಮುಂದು ಎಂದು ಬರುವ ನೆಂಟರು, ಎಲೆ ಎತ್ತುವ ಹೊತ್ತಿಗೆ ಕೈ ತೊಳೆಯಲು ಹೋದವರು ಅತ್ತಲಿಂದತ್ತಲೇ ಮಾಯವಾಗಿರುತ್ತಾರೆ. ಉಪಕಾರದಲ್ಲೂ ಹೀಗೆ ಎರಡು ಬಗೆ: ಪಂಕ್ತಿಯವರೆಲ್ಲ ನೋಡುವಂಥದ್ದು ಒಂದು, ಯಾರ ಕಣ್ಣಿಗೂ ಬೀಳದ್ದು ಇನ್ನೊಂದು. ಪರದೇಶದ ಕ್ರೈಸ್ತ ಮಕ್ಕಳ ಶಿಬಿರಗಳಿಗೆ ಸ್ವಯಂಸೇವೆಗೆಂದು ಹೋಗುವವರ ಮಾತು ಬಂದಾಗಲೆಲ್ಲ ನನಗೆ ಈ ಪಾಯಸದ ಬಕೆಟ್ಟೇ ಕಣ್ಣ ಮುಂದೆ ಬರುತ್ತದೆ. ಬೇಸಿಗೆ ಬಂತೆಂದರೆ ಅಮೆರಿಕದ ಎಷ್ಟೋ ಚರ್ಚುಗಳಿಂದ ಹುಡುಗ ಹುಡುಗಿಯರ ತಂಡಗಳು ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಗಿಟಾರು ಹೆಗಲಿಗೇರಿಸಿ, ಬೇರೆ ದೇಶದ ಮಕ್ಕಳಿಗೆ ವಾರದ ಶಿಬಿರ ನಡೆಸಲು ವಿಮಾನ ಹತ್ತುತ್ತವೆ. ಅವರ ಮನಸ್ಸು ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ವಾದ ಇಷ್ಟೇ: ಪಾಠ ಹೇಳಲೆಂದು ಹೋದ ಪರದೇಶಿ ಶಿಬಿರಕ್ಕೆ ದುಬಾರಿ ಬೀಳುತ್ತಾನೆ, ಕೈಯಾಳಾಗಿ ಹೋದವನು ಉಪಯೋಗಕ್ಕೆ ಬರುತ್ತಾನೆ. ಇದಕ್ಕೆ ಸಾಕ್ಷಿ ಹೊರಗೆಲ್ಲೂ ಹುಡುಕಬೇಕಿಲ್ಲ, ಈ ಶಿಬಿರಗಳ ಚರಿತ್ರೆಯಲ್ಲೇ ಇದೆ.

ಈ ಸಂಪ್ರದಾಯ ಹುಟ್ಟಿದ್ದು ಬಹಳ ಸಾದಾ ಜಾಗಗಳಲ್ಲಿ. 1868ರ ಬೇಸಿಗೆಯಲ್ಲಿ ಜೋಸೈಯಾ ಸ್ಪಿಯರ್ಸ್ ಎಂಬ ಇಂಗ್ಲೆಂಡಿನವ ವೇಲ್ಸ್‌ನ ಲಾಂಡಿಡ್ನೊ ಕಡಲತೀರಕ್ಕೆ ರಜೆಗೆ ಹೋಗಿದ್ದ. ಮರಳಿನ ಮೇಲೆ ದೇವರ ಪ್ರೀತಿಯ ಬಗ್ಗೆ ಮೂರೇ ಮೂರು ಪದಗಳನ್ನು ದೊಡ್ಡದಾಗಿ ಕೊರೆದು, ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದು ಅಕ್ಷರಗಳನ್ನು ಸಿಂಗರಿಸಲು ಹೇಳಿದ. ಚಿಪ್ಪು, ಬೆಣಚುಕಲ್ಲು, ಕಡಲಪಾಚಿ ತಂದು ಮಕ್ಕಳು ಅಕ್ಷರ ತುಂಬಿದರು. ಆಮೇಲೆ ಅವನು ಕತೆ ಹೇಳಿದ. ಸ್ಕ್ರಿಪ್ಚರ್ ಯೂನಿಯನ್ ಎಂಬ ಇಂದಿನ ಜಾಗತಿಕ ಸಂಸ್ಥೆಯ ಬೇರು ಅಲ್ಲಿ ಸಿಗುತ್ತದೆ. ಮೂವತ್ತು ವರ್ಷದ ಮೇಲೆ, 1898ರಲ್ಲಿ, ನ್ಯೂಯಾರ್ಕಿನ ಈಸ್ಟ್ ಸೈಡಿನ ಬೀದಿಗಳಲ್ಲಿ ರಜೆಯೆಲ್ಲ ಅಲೆಯುತ್ತಿದ್ದ ಮಕ್ಕಳಿಗಾಗಿ ಹಾಸ್ ಎಂಬ ಗೃಹಿಣಿ ಒಂದು ಬಿಯರ್ ಅಂಗಡಿಯನ್ನೇ ಬಾಡಿಗೆಗೆ ಹಿಡಿದಳು. ಮಂಗಳೂರಿನಿಂದ ಮೈಸೂರಿನವರೆಗೆ ನಮ್ಮ ಚರ್ಚುಗಳು ಬೇಸಿಗೆ ರಜೆಯಲ್ಲಿ ನಡೆಸುವ ‘ವಿಬಿಎಸ್’, ಅಂದರೆ ರಜಾಕಾಲದ ಬೈಬಲ್ ಶಾಲೆಯ ಮೂಲಗಳಲ್ಲಿ ಆ ಬಿಯರ್ ಅಂಗಡಿಯೂ ಒಂದು. ಈ ಇಬ್ಬರೂ ಮಕ್ಕಳು ಇದ್ದಲ್ಲಿಗೇ ಹೋದರು, ಸಿಕ್ಕಿದ ಸಾಮಾನಿನಿಂದಲೇ ಕೆಲಸ ಮಾಡಿದರು. ಅಕ್ಷರ ಬರೆದವನು ದೊಡ್ಡವನಾದರೂ ಅದನ್ನು ತುಂಬಿದ್ದು ಮಕ್ಕಳ ಕೈ.

ಡೇರೆ, ಕೆರೆ, ಕಾಡು ಇರುವ ಶಿಬಿರದ ಕತೆ ಬೇರೆ. ಅರ್ನೆಸ್ಟ್ ಬಾಲ್ಚ್ ಎಂಬ ಕಾಲೇಜು ವಿದ್ಯಾರ್ಥಿ 1881ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ನಡುಗಡ್ಡೆಯೊಂದರಲ್ಲಿ ಚೊಕೊರುವಾ ಎಂಬ ಶಿಬಿರ ತೆರೆದ. ಶ್ರೀಮಂತರ ಗಂಡುಮಕ್ಕಳು ಬೇಸಿಗೆಯುದ್ದಕ್ಕೂ ದೊಡ್ಡ ಹೋಟೆಲುಗಳಲ್ಲಿ ಬಿದ್ದುಕೊಂಡು ಕೆಡುತ್ತಿದ್ದಾರೆಂಬುದು ಅವನ ಕೊರಗು. ಅದಕ್ಕೆ ಅವನು ಕಂಡುಕೊಂಡ ಮದ್ದೆಂದರೆ ಶಿಬಿರದಲ್ಲಿ ಆಳುಗಳೇ ಬೇಡವೆಂಬ ನಿಯಮ. ಅಡುಗೆ ಮಾಡುವುದಕ್ಕೂ ಪಾತ್ರೆ ತಿಕ್ಕುವುದಕ್ಕೂ ಪಾಳಿ ಪ್ರಕಾರ ಹುಡುಗರೇ. ಮನೆಯಲ್ಲಿ ನೀರಿನ ಲೋಟವನ್ನೂ ಎತ್ತಿಡದ ಕುಲದೀಪಕರು ಅಲ್ಲಿ ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಿದ್ದರು. ಭಾನುವಾರ ಮರಗಳ ಕೆಳಗೆ ಆರಾಧನೆ. ಶಿಬಿರ 1889ರಲ್ಲಿ ಮುಚ್ಚಿತು, ಆದರೆ ಆ ನಡುಗಡ್ಡೆಯ ಬಯಲು ಪ್ರಾರ್ಥನಾಸ್ಥಳಕ್ಕೆ ಇವತ್ತಿಗೂ ಬೇಸಿಗೆಯ ಭಾನುವಾರಗಳಲ್ಲಿ ಜನ ದೋಣಿಯಲ್ಲಿ ಬರುತ್ತಾರೆ. 1885ರಲ್ಲಿ ಏಳು ಹುಡುಗರೊಂದಿಗೆ ವೈಎಂಸಿಎ ಆರಂಭಿಸಿದ ಕ್ಯಾಂಪ್ ಡಡ್ಲಿ ಅಂತೂ ಈಗಲೂ ನಡೆದಿದೆ. ನನ್ನದು ಆಮೇಲೆ, ಮೊದಲು ಪಕ್ಕದವನದು ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಶಿಬಿರವನ್ನು ಕಟ್ಟಿದವರು ಧರ್ಮವನ್ನು ಉಪದೇಶದ ಹೊತ್ತಿಗಷ್ಟೇ ಮೀಸಲಿಡದೆ ಕೆಲಸದ ಪಟ್ಟಿಯೊಳಗೂ ಸೇರಿಸಿದರು. ಹಾಗಾಗಿಯೇ ಅದು ಮಕ್ಕಳಿಗೆ ಹತ್ತಿತು.

ಶಿಬಿರಗಳ ಈ ಲೋಕದಿಂದ ಜಗತ್ತಿಗೆ ಹರಡಿದ್ದು ಏನು ಎಂದು ನೋಡಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ವೈಎಂಸಿಎಯ ಜೇಮ್ಸ್ ನೈಸ್ಮಿತ್ 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ನೇತುಹಾಕಿ ಬಾಸ್ಕೆಟ್‌ಬಾಲ್ ಹುಟ್ಟಿಸಿದ. ಓಡಲಾರದ ನಡುವಯಸ್ಸಿನವರಿಗೆಂದು 1895ರಲ್ಲಿ ಅದೇ ಸಂಸ್ಥೆಯ ವಿಲಿಯಂ ಮಾರ್ಗನ್ ವಾಲಿಬಾಲ್ ಕಂಡುಹಿಡಿದ. ಹ್ಯಾರಿ ಬಕ್ ಎಂಬ ಅಮೆರಿಕನ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ. ಅಲ್ಲಿ ತಯಾರಾಗಿ ಶಾಲೆಗಳಿಗೆ ಹೋದವರು ನಮ್ಮವರೇ ಆದ ಡ್ರಿಲ್ ಮಾಸ್ತರರು. ಇವತ್ತು ನಮ್ಮ ಹಳ್ಳಿಗಳಲ್ಲಿ ಸಂಜೆ ಎರಡು ಕಂಬಕ್ಕೆ ನೆಟ್ ಕಟ್ಟಿ, ಪಂಚೆ ಎತ್ತಿ ಕಟ್ಟಿ ಚೆಂಡು ಹೊಡೆಯುವವರಿಗೆ ಆಟದ ಜಾತಕ ಬೇಕಾಗಿಲ್ಲ. ಅದು ಅವರದೇ ಆಟ. ಬಕ್ ಮಾಡಿದ್ದರಲ್ಲಿ ದೊಡ್ಡದೆಂದರೆ ಕಲಿಸಿದ್ದಕ್ಕಿಂತ ಹೆಚ್ಚಾಗಿ ಕಲಿಸುವವರನ್ನು ತಯಾರು ಮಾಡಿದ್ದು. ತಂದವನ ಹೆಸರು ಮರೆತುಹೋಗಿ ತಂದದ್ದು ಊರಿನದಾಗಿ ಉಳಿದರೆ ಅದೇ ಸಾರ್ಥಕ ಸೇವೆ.

ಇದಕ್ಕೆ ಮೊದಲ ಆಕ್ಷೇಪ ಜಮಾಖರ್ಚಿನದು. ಸಾವಿರಾರು ಮೈಲಿ ಹಾರಿಹೋಗಿ ಪಾತ್ರೆ ತಿಕ್ಕುವುದೇ? ಆ ಟಿಕೆಟ್ಟಿನ ದುಡ್ಡನ್ನು ಕಳಿಸಿದರೆ ಆಗದೇ? ಪ್ರಶ್ನೆ ಸರಿಯಾಗಿದೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಮನೆ ಕಟ್ಟಲು ಹೋದ ಉತ್ತರ ಅಮೆರಿಕದ ಕ್ರೈಸ್ತ ತಂಡಗಳನ್ನು ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅಧ್ಯಯನ ಮಾಡಿದರು. ಸ್ಥಳೀಯರು ಸುಮಾರು 2,000 ಡಾಲರಿನಲ್ಲಿ ಕಟ್ಟುವ ಮನೆಗೆ, ಪ್ರಯಾಣದ ಖರ್ಚೂ ಸೇರಿ, ಒಂದೊಂದು ತಂಡಕ್ಕೆ ಬಿದ್ದದ್ದು ಸುಮಾರು 30,000 ಡಾಲರು. ಸ್ವತಃ ಪಾದ್ರಿಯಾಗಿದ್ದ ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋಕ್ಕೆ ಬರುವ ಇಂಥ ಯುವಕರಿಗೆ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಮುಖಕ್ಕೇ ಹೇಳಿದ್ದರು. ಇಬ್ಬರ ಮಾತನ್ನೂ ನಾನು ಒಪ್ಪುತ್ತೇನೆ, ಒಪ್ಪಿಯೇ ಹೇಳುತ್ತೇನೆ: ಹೋಗುವ ಖರ್ಚನ್ನು ದಾನದ ಲೆಕ್ಕದಲ್ಲಿ ಬರೆಯಬೇಡಿ, ಓದಿನ ಲೆಕ್ಕದಲ್ಲಿ ಬರೆಯಿರಿ. ಕಲಿಯಲು ಹೋದವನಿಗೆ ಅಡುಗೆಮನೆಗಿಂತ ಒಳ್ಳೆಯ ತರಗತಿ ಇಲ್ಲ. ಅವನು ಸಿಂಕಿನ ಮುಂದೆ ನಿಂತಷ್ಟು ಹೊತ್ತು, ಆ ಊರಿನ ಮಾತು ಬಲ್ಲ ಟೀಚರು ಪಾತ್ರೆ ಬಿಟ್ಟು ಮಕ್ಕಳ ಜೊತೆ ಕೂರಬಹುದು. ರಾತ್ರಿ ಅಮ್ಮ ಬೇಕೆಂದು ಅಳುವ ಮಗುವಿಗೆ ಬೇಕಾದದ್ದು ಮನೆಮಾತು. ಗಿಟಾರಿನಿಂದ ಅದು ಬರುವುದಿಲ್ಲ. ಇಷ್ಟೂ ಬೇಡವೆನ್ನುವವರು ದುಡ್ಡನ್ನೇ ಕಳಿಸಲಿ, ತಪ್ಪೇನಿಲ್ಲ. ಪಕ್ಕದ ಬೀದಿಯ ಮಕ್ಕಳನ್ನು ಮರೆತವರಿಗಂತೂ ನಮ್ಮ ಗಾದೆಯೇ ಇದೆ: ಊರಿಗೆ ಉಪಕಾರಿ, ಮನೆಗೆ ಮಾರಿ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಎಳೆಯ ಮಕ್ಕಳಿಗೆ ಆಟ, ತಿಂಡಿಯ ಜೊತೆ ಮತವನ್ನೂ ಕೊಡುವುದು ಸರಿಯೇ? ಗೀತೆ ಬಾಯಿಪಾಠ ಮಾಡಿಸುವ ಶಿಬಿರಕ್ಕೆ ನಾವು ಮಕ್ಕಳನ್ನು ಕಳಿಸುತ್ತೇವೆ. ತಿಳಿದು ಕಳಿಸಿದ ತಂದೆತಾಯಿ, ಮುಚ್ಚುಮರೆಯಿಲ್ಲದೆ ಬರೆದ ಕಾರ್ಯಕ್ರಮ ಇದ್ದಲ್ಲಿ ಕ್ರೈಸ್ತ ಶಿಬಿರಕ್ಕೂ ಅದೇ ಹಕ್ಕಿದೆ. ತಕರಾರು ಹುಟ್ಟುವುದು ಮಿಠಾಯಿ ತೋರಿಸಿ ನಂಬಿಕೆ ಕೇಳಿದಾಗ. ಅಲ್ಲದೆ ದೂರದೇಶದಿಂದ ಬಂದವರ ಬಣ್ಣ, ಬೂಟು, ಕ್ಯಾಮೆರಾಗಳಿಗೆ ಮಕ್ಕಳ ಕಣ್ಣಲ್ಲಿ ಅವರ ಮಾತಿಗಿಂತ ಹೆಚ್ಚು ತೂಕವಿರುತ್ತದೆ. ಅವರು ಹೇಳಿದ್ದು ನಿಜವೆನಿಸುವುದಕ್ಕೂ ಅವರು ಬೆಡಗಿನವರಾಗಿರುವುದಕ್ಕೂ ವ್ಯತ್ಯಾಸ ತಿಳಿಯುವ ವಯಸ್ಸಲ್ಲ ಅದು. ಆದ್ದರಿಂದ ಉಪದೇಶದ ಜಾಗ ಆ ಊರಿನ ಹಿರಿಯರದಾಗಿರಲಿ. ಮಕ್ಕಳ ರಕ್ಷಣೆಯ ದೃಷ್ಟಿಯಿಂದಲೂ ಇದೇ ಕ್ಷೇಮ. ಒಳ್ಳೆಯ ಶಿಬಿರಗಳು ಬರುವವರ ಹಿನ್ನೆಲೆ ವಿಚಾರಿಸುತ್ತವೆ, ದೊಡ್ಡವರೊಬ್ಬರನ್ನೇ ಮಗುವಿನ ಜೊತೆ ಒಂಟಿಯಾಗಿ ಬಿಡುವುದಿಲ್ಲ. ಈ ನಿಯಮದಿಂದ ಬೇಸರಪಡುವವರು ಹೋಗದಿರುವುದೇ ಲೇಸು.

ಹಾಗಾದರೆ ನಂಬಿಕೆಗೆ ಏನು ಉಳಿಯಿತು ಎಂದು ಶ್ರದ್ಧಾವಂತರು ಕೇಳಬಹುದು. ಅವರ ಶುಭವರ್ತಮಾನದಲ್ಲೇ ಉತ್ತರವಿದೆ: ಕಡೆಯ ಭೋಜನದ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಸುತ್ತಿ ಶಿಷ್ಯರ ಕಾಲು ತೊಳೆದದ್ದು ಆಳು ಮಾಡಬೇಕಿದ್ದ ಕೆಲಸ. ಪಾತ್ರೆ ತಿಕ್ಕುವ ಪಾಳಿ ಅದಕ್ಕಿಂತ ಕೀಳೇನಲ್ಲ. ನಮ್ಮ ಹುಡುಗರೂ ಈಗ ಆ ಕಡೆ ಹೋಗಬಹುದು. ಹದಿನೆಂಟು ತುಂಬಿದವರನ್ನು ಹೆಚ್ಚೆಂದರೆ ನಾಲ್ಕು ತಿಂಗಳಿಗೆ ಶಿಬಿರದ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಕರೆಸಿಕೊಳ್ಳಲು ಅಮೆರಿಕದ ಜೆ-1 ವೀಸಾದಲ್ಲಿ ಬೇರೆ ವರ್ಗವೇ ಇದೆ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೊರಟವರಿಗೂ ನನ್ನ ವಿನಂತಿ ಒಂದೇ. ಟಿಕೆಟ್ ತೆಗೆಸುವ ಮುಂಚೆ ಶಿಬಿರದವರಿಗೆ ಒಂದು ಪತ್ರ ಬರೆಯಿರಿ. ನಾನು ಏನು ಕಲಿಸಲಿ ಎಂದು ಕೇಳಬೇಡಿ. ನಿಮ್ಮಲ್ಲಿ ಯಾವ ಪಾಳಿಗೆ ಜನ ಸಾಲದು ಎಂದು ಕೇಳಿ.