ಹದ ನೋಡುವ ಹೊತ್ತು

ರಾತ್ರಿ ಊಟವಾದ ಮೇಲೆ ಕುಂದಗೋಳದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಹೊತ್ತು ಹೋದದ್ದೇ ನನಗೆ ತಿಳಿಯುವುದಿಲ್ಲ. ಶೇರುಪೇಟೆಯ ಹಳೆಯ ಬೆಲೆಗಳ ಮೇಲೆ ಒಂದು ಸೂತ್ರ ಓಡಿಸಿ ನೋಡುವುದು ನನ್ನ ಹವ್ಯಾಸ. ನಿಫ್ಟಿ ಫ್ಯೂಚರ್ಸ್ ವಹಿವಾಟು ಶುರುವಾದದ್ದು 2000ದ ಜೂನ್‌ನಲ್ಲಿ. ಅಂದಿನಿಂದ ದಿನದಿನದ ಬೆಲೆ ಕೂಡಿಟ್ಟಿದ್ದೇನೆ. ಇಷ್ಟು ದಿನಗಳ ಸರಾಸರಿ ಅಷ್ಟು ದಿನಗಳ ಸರಾಸರಿಯನ್ನು ದಾಟಿ ಮೇಲೆ ಹೋದರೆ ಕೊಳ್ಳುವುದು, ಕೆಳಗಿಳಿದರೆ ಮಾರುವುದು. ಸೂತ್ರ ಇಷ್ಟೇ. ಆ 'ಇಷ್ಟು', 'ಅಷ್ಟು' ಎಷ್ಟಿರಬೇಕೆಂದು ಹುಡುಕುವುದರಲ್ಲೇ ಎಲ್ಲ ರುಚಿಯೂ ಇದೆ, ಎಲ್ಲ ಅಪಾಯವೂ ಇದೆ.

ಕೆಲವು ವರ್ಷಗಳ ಹಿಂದೆ ಸಾವಿರಕ್ಕೂ ಹೆಚ್ಚು ಜೋಡಿ ಅಂಕಿಗಳನ್ನು ಓಡಿಸಿದೆ. 17 ಮತ್ತು 43ರ ಜೋಡಿಗೆ ಲಾಭದ ಗೆರೆ ಏಣಿ ಇಟ್ಟಂತೆ ನೆಟ್ಟಗೆ ಮೇಲೇರಿತು. ಅಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಕಾಗೆ ತೋರಿಸಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು: "ತಮ್ಮಾ, ಹ್ವಾದ ವರ್ಷ ಜೂನ್ ಒಂಬತ್ತಕ್ಕ ಹೆಸರ ಬಿತ್ತಿದ್ವಿ, ಛಲೋ ಬಂತು. ಹಂಗಂತ ಪ್ರತಿ ವರ್ಷ ಒಂಬತ್ತನೇ ತಾರೀಖಿಗೇ ಕೂರಿಗಿ ಹೂಡ್ತೀವೇನು? ಹದಾ ನೋಡಬೇಕಪಾ."

ಮತ್ತೆ ಕೂತು ಒಂದೊಂದೇ ವಹಿವಾಟು ಬಿಡಿಸಿ ನೋಡಿದೆ. ಲಾಭದ ಅರ್ಧದಷ್ಟು ಎರಡೇ ಸೋಮವಾರಗಳಿಂದ ಬಂದಿತ್ತು. ಒಂದು 2009ರ ಮೇ 18. ಚುನಾವಣೆಯ ಫಲಿತಾಂಶದ ಬೆನ್ನಿಗೆ ನಿಫ್ಟಿ ಶೇ. 17ಕ್ಕೂ ಹೆಚ್ಚು ಜಿಗಿದು ಪೇಟೆಯೇ ನಿಂತ ದಿನ. ಇನ್ನೊಂದು 2020ರ ಮಾರ್ಚ್ 23. ಕೊರೋನಾ ಭಯಕ್ಕೆ ಶೇ. 13ರಷ್ಟು ಕುಸಿದ ದಿನ. ಆ ಎರಡೂ ದಿನ ಸರಿಯಾದ ಕಡೆ ನಿಲ್ಲುವಂಥ ಅಂಕಿಗಳನ್ನೇ ಕಂಪ್ಯೂಟರ್ ಹೆಕ್ಕಿ ಕೊಟ್ಟಿತ್ತು. 17ನ್ನು 18 ಮಾಡಿದರೆ ಲಾಭ ಕರಗಿತು, 16 ಮಾಡಿದರೆ ನಷ್ಟ. ಸಾವಿರ ಜೋಡಿ ಓಡಿಸಿದಾಗ ಒಂದಾದರೂ ಬರಿಯ ಅದೃಷ್ಟದಿಂದ ಮಿಂಚದೆ ಇರುವುದಿಲ್ಲ.

ನಮ್ಮ ಎರಿ ಹೊಲದವರು ಮಳೆಯನ್ನು ನಕ್ಷತ್ರದಲ್ಲಿ ಎಣಿಸುತ್ತಾರೆ. ರೋಹಿಣಿಯಾಗಲಿ, ಮೃಗಶಿರವಾಗಲಿ, ಒಂದೊಂದು ಹದಿಮೂರು ಹದಿನಾಲ್ಕು ದಿನದ ಹರವು. ಅದರೊಳಗೆ ಎರಡು ದಿನ ಹಿಂದೆ ಮುಂದೆ ಆದರೂ ಬೆಳೆ ಕೈಬಿಡುವುದಿಲ್ಲ. ಈಗ ನಾನು ಹುಡುಕುವುದು ಅಂಥ ಹರವನ್ನೇ. 20 ಮತ್ತು 50ರ ಜೋಡಿಗೆ ಲಾಭ ಕಡಿಮೆ. ಆದರೆ 18ಕ್ಕೆ ಇಳಿಸಿದರೂ, 55ಕ್ಕೆ ಏರಿಸಿದರೂ, ದಲಾಲಿ, ತೆರಿಗೆ, ಕಂಡ ಬೆಲೆಗೂ ಸಿಕ್ಕ ಬೆಲೆಗೂ ನಡುವಿನ ಅಂತರ ಎಲ್ಲ ಕಳೆದರೂ ಏನಾದರೂ ಉಳಿಯುತ್ತದೆ. ಸುತ್ತಲಿನ ಅಂಕಿಗಳೆಲ್ಲ ಹಸಿರಾಗಿ ಕಂಡಾಗ ಆಗುವ ಹಿಗ್ಗು, ಹದ ಬಿದ್ದ ಹೊಲದ ಬದುವಿನ ಮೇಲೆ ನಿಂತವರಿಗೆ ಗೊತ್ತು.

ನಮ್ಮೂರಿನ ನಾಡಿಗೇರ ವಾಡೆಯ ಮುಂದೆ ಹಾಯುವಾಗಲೂ ಸೂತ್ರದ ಯೋಚನೆಯೇ ಬರುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತರು. ಭೀಮಸೇನ ಜೋಶಿ 1930ರ ದಶಕದಲ್ಲಿ ಇಲ್ಲೇ ಇದ್ದು ಕಲಿತರು. ಒಬ್ಬರ ಹಾಡಿಕೆ ಇನ್ನೊಬ್ಬರಂತಿಲ್ಲ, ಗುರುವಿನ ನಕಲೂ ಅಲ್ಲ. ಗಿಳಿಪಾಠ ಒಪ್ಪಿಸುವ ಸೂತ್ರ ಕಲಿತ ಪಾಠವನ್ನಷ್ಟೇ ಚೆನ್ನಾಗಿ ಹೇಳುತ್ತದೆ. ಹೊಸ ದಿನ ಬಂದರೆ ತಡವರಿಸುತ್ತದೆ.

ಆದ್ದರಿಂದ ಐದು ವರ್ಷದ ಬೆಲೆಯಲ್ಲಿ ಅಂಕಿ ಆರಿಸುತ್ತೇನೆ, ಆರನೆಯ ವರ್ಷದಲ್ಲಿ ಪರೀಕ್ಷಿಸುತ್ತೇನೆ, ಒಂದು ವರ್ಷ ಮುಂದೆ ಸರಿದು ಮತ್ತೆ ಅದೇ ಕೆಲಸ. ಕೊನೆಯ ಕೆಲವು ವರ್ಷಗಳನ್ನಂತೂ ಮುಟ್ಟುವುದೇ ಇಲ್ಲ. ಬೀಜಕ್ಕೆಂದು ತೆಗೆದಿಟ್ಟ ಜೋಳವನ್ನು ಯಾರೂ ಬೀಸುವುದಿಲ್ಲ. ಒಮ್ಮೆ ಇಣುಕಿ ನೋಡಿ ಅಂಕಿ ತಿದ್ದಿದೆನೋ, ಅದು ಆ ಕ್ಷಣದಿಂದ ಮೀಸಲು ಅಲ್ಲ. ಆಸೆ ಬಹಳ ಆಗುತ್ತದೆ, ತಡೆದುಕೊಳ್ಳಬೇಕು.

2023ರಿಂದೀಚಿನ ಬೆಲೆಗಳ ಕಡತವನ್ನು ನಾನಿನ್ನೂ ತೆರೆದಿಲ್ಲ.